ಎಡಗೈಗೂ ಗೊತ್ತಿರಲಿ

ಗ್ರಂಥಾಲಯದ ನೆಲಮಾಳಿಗೆ. ಮೇಲೆ ಮಕ್ಕಳಿಗೆ ಕಥೆ ಹೇಳುವ ಹೊತ್ತು,
ನಮ್ಮ ನೆತ್ತಿಯ ಮೇಲೆ ದಡಬಡ ಬೂಟು.
ಇಲ್ಲಿ ಒಂದು ಕ್ಯಾಮೆರಾ, ಒಂದು ಕೆಟ್ಟ ಕ್ಯಾಮೆರಾ,
ಯಾರದೋ ಮದುವೆಯಲ್ಲಿ ಮಿಕ್ಕ ನೀಲಿ ಪರದೆ,
ಧೂಳು ಕುಡಿದೇ ಬದುಕಿರುವ ಪ್ಲಾಸ್ಟಿಕ್ ಗಿಡ.
ಇಷ್ಟೇ ನಮ್ಮ ಹನ್ನೊಂದನೇ ಚಾನೆಲ್ಲು.
ಮೇನ್ ಸೀಮೆಯ ಈ ಊರಲ್ಲಿ
ಕಾಗದದ ಗಿರಣಿ ಮುಚ್ಚಿತು, ನದಿಯ ನಾತ ಹೋಯಿತು,
ಹೋಗಲಾರದವರು ಉಳಿದೆವು.

ಗುರುವಾರ ಸಂಜೆ ಏಳಕ್ಕೆ ‘ನಮ್ಮೂರ ಕೈಗಳು’,
ಇಪ್ಪತ್ತೆಂಟು ನಿಮಿಷ, ನೇರ ಪ್ರಸಾರ.
ನೋಡುವವರೆಷ್ಟು? ಎಣಿಸುವ ಯಂತ್ರ ನಮ್ಮಲ್ಲಿಲ್ಲ.
ಇದ್ದಿದ್ದರೆ ಎಂದೋ ಬಾಗಿಲು ಹಾಕುತ್ತಿದ್ದೆವೇನೋ.

ನಡೆಸಿಕೊಡುವವ ಕ್ಲಿಫರ್ಡ್ ವೆಲೆಟ್,
ಮೂವತ್ತೊಂದು ವರ್ಷ ಅಂಚೆ ಹಂಚಿ
ಊರಿನ ಒಂದೊಂದು ನಾಯಿಯನ್ನೂ ಹೆಸರಿಟ್ಟು ಬೈಯಬಲ್ಲವ.
ಕ್ಯಾಮೆರಾದ ಹಿಂದೆ ನಾನು.
ನನ್ನದು ಸೇವೆಯಲ್ಲ, ಶಿಕ್ಷೆ:
ಕುಡಿದು ಓಡಿಸಿದ ಗಾಡಿ, ಮುರಿದ ಪರರ ಬೇಲಿ,
ನ್ಯಾಯಾಧೀಶೆ ಬರೆದುಕೊಟ್ಟ ಅರವತ್ತು ಗಂಟೆ.

ಬಂದವರೆಲ್ಲ ಕೂರುವ ಮೊದಲೇ ಕ್ಷಮೆ ಕೇಳುತ್ತಾರೆ,
‘ನಾನೇನು ಮಹಾ ಮಾಡಿದ್ದೇನೆ’ ಅಂತ.
ಮುದುಕರ ಮನೆಗಳಿಗೆ ಬಿಸಿಯೂಟ ಒಯ್ಯುವ ಹೋದಾನ್
ಎಂಟು ವರ್ಷದವಳಿದ್ದಾಗ ಸೊಮಾಲಿಯಾದಿಂದ ಬಂದವಳು, ಹೇಳಿದಳು:
‘ಉಪ್ಪು ಸಾಲದೆಂದು ಗದರುತ್ತಾರೆ.
ಗದರದ ದಿನ ನಾನು ಡಾಕ್ಟರಿಗೆ ಫೋನು ಮಾಡುತ್ತೇನೆ.’
ಸೈಕಲ್ ರಿಪೇರಿಯ ಅವಳಿಗಳು ಬಂದಿದ್ದರು,
ಮಾತಿಗಿಂತ ಹೆಚ್ಚು ಗ್ರೀಸು ಬಿಟ್ಟುಹೋದರು ಕುರ್ಚಿಗೆ.

ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯಬಾರದು,
ಪಾದ್ರಿಯೂ ಅಂದಿದ್ದ, ಅಜ್ಜಿಯೂ ಅಂದಿದ್ದಳು.
ಹಾಗಾದರೆ ಈ ಕೆಂಪು ದೀಪ ಯಾಕೆ,
ಮೂಗಿನ ಹೊಳಪಿಗೆ ಪೌಡರು ಯಾಕೆ,
ಫೋಕಸ್ ತಿರುಗಿಸುತ್ತ ಎಷ್ಟೋ ಗುರುವಾರ
ಒಳಗೊಳಗೇ ನಕ್ಕಿದ್ದೇನೆ ನಾನು.

ಜನವರಿಯಲ್ಲಿ ಬಂದಳು ಜರ್ಮೇನ್ ಥಿಬೊಡೊ.
ದಾನಕ್ಕೆ ಬಂದ ಹರಕು ಕೋಟುಗಳನ್ನು
ಹೊಲಿದು ಹೊಲಿದು ಚಳಿಗೆ ಕಳಿಸುವವಳು.
ದೀಪ ಹತ್ತಿತು. ಕ್ಲಿಫರ್ಡ್ ಕೇಳಿದ. ಅವಳ ಬಾಯಿ ತೆರೆಯಲಿಲ್ಲ.
ಇನ್ನೊಂದು ಕೇಳಿದ. ಇಲ್ಲ.
ಹೀಟರಿನ ಗೊರಕೆ ಇಡೀ ಊರಿಗೆ ಕೇಳಿಸುತ್ತಿತ್ತು.

ಅವಳ ಕಣ್ಣು ಅವನ ಕೋಟಿನ ಮೇಲೆ,
ಒಂದೇ ಎಳೆಗೆ ನೇಣು ಬಿಗಿದಂತೆ ಜೋತ ಗುಂಡಿ.
ಕಾಲರಿನ ಒಳಮಗ್ಗುಲಿಂದ ಸೂಜಿ ತೆಗೆದಳು,
ದಾರವೂ ಅದರಲ್ಲೇ ಇತ್ತು,
ಕುರ್ಚಿ ಎಳೆದುಕೊಂಡು ಶುರು ಮಾಡಿಯೇಬಿಟ್ಟಳು.
ಕ್ಲಿಫರ್ಡ್ ಉಸಿರು ಹಿಡಿದು ಕೂತ, ಕ್ಷೌರಕ್ಕೆ ಕೂತ ಹುಡುಗನ ಹಾಗೆ.

ನಾನು ಹತ್ತಿರ ಹೋದೆ, ಇನ್ನೂ ಹತ್ತಿರ,
ಪರದೆ ತುಂಬ ಎರಡೇ ಕೈ.
ಬಲಗೈ ಸೂಜಿ ಇಳಿಸಿದರೆ
ಬಟ್ಟೆಯ ಹಿಂದೆ ಎಡಗೈ ಕಾಯುತ್ತಿತ್ತು,
ಮೊನೆ ಎಲ್ಲಿ ಏಳುವುದೆಂದು ಮೊದಲೇ ಬಲ್ಲ ಬೆರಳು.
ಗೊತ್ತಿಲ್ಲದಿದ್ದರೆ ಚುಚ್ಚುತ್ತದೆ. ಅಷ್ಟೇ ವಿಷಯ.

ಹದಿನಾರನೇ ನಿಮಿಷ ಫೋನು. ಯಾರೋ ಗಂಡಸು:
‘ನಾಲ್ಕು ತೂತಿನ ಗುಂಡಿಗೆ ಅಡ್ಡಡ್ಡ ಹೊಲಿಯಬೇಕು,
ಆಯಮ್ಮ ಉದ್ದುದ್ದ ಹೊಲೀತಿದಾಳೆ.’
ಜರ್ಮೇನ್ ತಲೆಯೆತ್ತಿದಳು:
‘ಅಡ್ಡ ಹೊಲಿದರೆ ದಾರದ ಮೇಲೆ ದಾರ ತಿಕ್ಕಿ ಸವೆಯುತ್ತೆ, ಮಾರಾಯ.
ನಿನಗೆ ಯಾರು ಕಲಿಸಿದ್ದು?’
ಆಮೇಲೆ ನಿಲ್ಲಿಸಲಾಗಲಿಲ್ಲ. ಮೇಣ ಸವರಿದ ದಾರ,
ಕಿಸೆಗಳಲ್ಲಿ ಸಿಕ್ಕ ಬಸ್ ಚೀಟಿ, ಒಂದು ಹಾಲುಹಲ್ಲು,
ಗಿರಣಿಯಲ್ಲಿ ಸತ್ತವನ ಕೋಟು ಹಾಕಿ
ಶಾಲೆಗೆ ಹೋದ ಹುಡುಗಿ.
ಇಪ್ಪತ್ತೆಂಟು ಕಳೆಯಿತು, ಮೂವತ್ತೈದು ಕಳೆಯಿತು,
ಪುರಸಭೆಯ ಕಸದ ಚರ್ಚೆ ಕಾಯುತ್ತಲೇ ಇತ್ತು.

ದೀಪ ಆರಿದ ಮೇಲೆ ನನ್ನತ್ತ ತಿರುಗಿ ಅಂದಳು,
‘ನಿನ್ನದರಲ್ಲಿ ಎರಡನೇದು ಇಲ್ಲ.’
ಬಿಚ್ಚಿಕೊಟ್ಟೆ. ಒಳಗಿಸೆಯಲ್ಲಿ ಗಂಟೆಗಳ ಹಾಳೆ ಇತ್ತು,
ನವೆಂಬರಿನಲ್ಲೇ ಅರವತ್ತು ತುಂಬಿ
ಸಹಿಯಿಲ್ಲದೆ ಮಡಿಕೆಯಲ್ಲಿ ಸವೆದದ್ದು.
ತೆಗೆದಿಟ್ಟುಕೊಳ್ಳಬೇಕಿತ್ತು.

ಹೊರಗೆ ಸೊನ್ನೆಗಿಂತ ಹದಿನೆಂಟು ಕೆಳಗೆ.
ಕ್ಲಿಫರ್ಡ್ ತನ್ನ ಕೋಟು ಬಿಚ್ಚತೊಡಗಿದ, ಬೇಡ ಅಂದೆ.
ಬಿಚ್ಚಲು ತುಸು ಹೊತ್ತೇ ಹಿಡಿಯಿತು.
‘ನೋಡು,’ ಅಂದ, ‘ಎಷ್ಟು ಗಟ್ಟಿ ಇದೆ.’